ಸಿಡ್ ಫೀಲ್ಡ್ ಹಾಕಿಕೊಟ್ಟ ದಾರಿಯಲ್ಲಿ ಒಂದು ಚಿತ್ರಕಥೆ: ಕಾರ್ಡಿನಿಂದ ನೋಂದಣಿಯವರೆಗೆ

ಲಾಸ್ ಏಂಜಲೀಸ್‌ನಲ್ಲಿ ಚಿತ್ರಕಥೆ ಬರೆಯಲು ಹೊರಟವರಿಗೆ ಸಲಹೆ ಕೊಡುವವರ ಬರವಿಲ್ಲ. ಆ ಸಲಹೆಗಳನ್ನು ಸ್ವಲ್ಪ ಕೆದಕಿ ನೋಡಿದರೆ ಅವುಗಳಲ್ಲಿ ಬಹುಪಾಲು ಒಬ್ಬರೇ ಮೇಷ್ಟರಿಂದ ಬಂದವು ಎಂಬುದು ಬೇಗ ಗೊತ್ತಾಗುತ್ತದೆ. ಅವರು ಸಿಡ್ ಫೀಲ್ಡ್. ಮೂರು ಅಂಕ, ಪ್ಲಾಟ್ ಪಾಯಿಂಟ್, ಮಿಡ್‌ಪಾಯಿಂಟ್ ಎಂಬ ಮಾತುಗಳನ್ನು ಅವರ ಹೆಸರೇ ಕೇಳದವರೂ ಇಲ್ಲಿ ದಿನನಿತ್ಯ ಆಡುತ್ತಾರೆ. ಅವರ ಪುಸ್ತಕಗಳನ್ನೇ ಗುರುವಾಗಿಟ್ಟುಕೊಂಡು ನಾನು ಇಂಗ್ಲಿಷಿನಲ್ಲಿ ಒಂದು ಪೂರ್ಣಪ್ರಮಾಣದ ಚಿತ್ರಕಥೆಯನ್ನು ಬರೆದು, ತಿದ್ದಿ, ಓದುಗರ ವರದಿ ಪಡೆದು, ನೋಂದಣಿ ಮಾಡಿಸಿ ಈಗಷ್ಟೇ ಬಿಡುವಾಗಿದ್ದೇನೆ. ಸುಮಾರು ಎರಡು ವರ್ಷ ಹಿಡಿದ ಈ ಕೆಲಸದಲ್ಲಿ ಎಲ್ಲಿ ಎಷ್ಟು ಕಾಯಬೇಕಾಯಿತು, ಎಲ್ಲಿ ಹಣ ಹೋಯಿತು, ಯಾವ ಕಾಗದ ಯಾವಾಗ ಬೇಕಾಯಿತು, ಮೇಷ್ಟರ ಯಾವ ಮಾತು ಕೈಹಿಡಿಯಿತು, ಯಾವುದನ್ನು ಬದಿಗಿಡಬೇಕಾಯಿತು ಎಂಬುದನ್ನು ಮುಂದೆ ಇದೇ ದಾರಿ ಹಿಡಿಯುವ ಕನ್ನಡಿಗರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಸಿಡ್ ಫೀಲ್ಡ್ ಅವರನ್ನು ಕಂಡಿಲ್ಲ. ಅವರು 2013ರ ನವೆಂಬರ್ 17ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡರು. ನಾನು ಈ ಊರಿಗೆ ಬಂದದ್ದು ಆಮೇಲೆ. ಹಾಗಾಗಿ ನನಗೆ ಸಿಕ್ಕ ಮೇಷ್ಟರು ಅಚ್ಚಿನಲ್ಲಿರುವವರು ಮಾತ್ರ. ಅವರ ವಿಧಾನವನ್ನು ಕಲಿಯುವ ಮೊದಲು ಅವರ ವೃತ್ತಿಜೀವನವನ್ನು ಓದಿಕೊಂಡದ್ದು ಈ ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಹೆಚ್ಚು ಉಪಕಾರ ಮಾಡಿತು ಎಂದು ಈಗ ಅನ್ನಿಸುತ್ತದೆ. ಏಕೆಂದರೆ ಅವರ ಪುಸ್ತಕದ ಮೊದಲ ಅಧ್ಯಾಯವನ್ನಷ್ಟೇ ಓದಿದವರಿಗೆ ಇಪ್ಪತ್ತೈದನೆಯ ಪುಟ, ಅರವತ್ತನೆಯ ಪುಟ, ತೊಂಬತ್ತನೆಯ ಪುಟ ಎಂಬ ಲೆಕ್ಕಗಳು ಕಟ್ಟಳೆಗಳಂತೆ ಕಾಣುತ್ತವೆ. ಆ ಲೆಕ್ಕ ಎಲ್ಲಿಂದ ಬಂತು ಎಂದು ತಿಳಿದವರಿಗೆ ಅದೇ ಬೇರೆ ರೀತಿಯಲ್ಲಿ ಕಾಣುತ್ತದೆ.

ಫೀಲ್ಡ್ ಹುಟ್ಟಿದ್ದು 1935ರ ಡಿಸೆಂಬರ್ 19ರಂದು, ಹಾಲಿವುಡ್‌ನಲ್ಲಿಯೇ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಗ ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ್ ಅಲ್ಲಿಗೆ ಬೋಧಿಸಲು ಬಂದಿದ್ದರು. ಅವರ ನಾಟಕವೊಂದರಲ್ಲಿ ಫೀಲ್ಡ್ ಪಾತ್ರ ವಹಿಸಿದರು, ಆ ಒಡನಾಟವೇ ಅವರನ್ನು ಸಿನಿಮಾದ ಕಡೆ ತಿರುಗಿಸಿತು. ಆಮೇಲೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಚಲನಚಿತ್ರ ವಿಭಾಗ, ಅಲ್ಲಿಂದ ಡೇವಿಡ್ ವೋಲ್ಪರ್ ಅವರ ಸಾಕ್ಷ್ಯಚಿತ್ರ ಸಂಸ್ಥೆ, ಅಲ್ಲಿಂದ ಸ್ವತಂತ್ರ ಬರವಣಿಗೆ. ಇದಿಷ್ಟೇ ಆಗಿದ್ದರೆ ಅವರೂ ಇಲ್ಲಿನ ನೂರಾರು ಬರಹಗಾರರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರೋ ಏನೋ. ಅವರ ಬದುಕನ್ನು ಬದಲಿಸಿದ್ದು ಸಿನಿಮೊಬೈಲ್ ಸಿಸ್ಟಮ್ಸ್ ಎಂಬ ಕಂಪನಿಯ ಕಥಾವಿಭಾಗದ ಮುಖ್ಯಸ್ಥನ ಕೆಲಸ. ಅಲ್ಲಿ ಎರಡು ವರ್ಷಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ತಾವು 2,000ಕ್ಕೂ ಮಿಕ್ಕಿ ಚಿತ್ರಕಥೆಗಳನ್ನು ಓದಿ ಸಾರಾಂಶ ಬರೆದುದಾಗಿಯೂ, ಅವುಗಳಲ್ಲಿ ಹಣ ಹೂಡುವವರ ಮುಂದಿಡಲು ಯೋಗ್ಯವೆಂದು ತೋರಿದ್ದು ಬರೀ 40 ಎಂದೂ ಅವರೇ ಬರೆದಿದ್ದಾರೆ. ಹಾಲಿವುಡ್‌ನ ಶೆರ್ವುಡ್ ಓಕ್ಸ್ ಎಕ್ಸ್‌ಪೆರಿಮೆಂಟಲ್ ಕಾಲೇಜಿನಲ್ಲಿ ಪಾಠ ಹೇಳತೊಡಗಿದಾಗ ಅವರ ಎದುರಿಗಿದ್ದ ಪ್ರಶ್ನೆ ಒಂದೇ: ಆ ನಲವತ್ತರಲ್ಲಿ ಇದ್ದದ್ದೇನು, ಉಳಿದವುಗಳಲ್ಲಿ ಇಲ್ಲದ್ದೇನು? ಆ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರವೇ 1979ರಲ್ಲಿ 'ಸ್ಕ್ರೀನ್‌ಪ್ಲೇ' ಎಂಬ ಪುಸ್ತಕವಾಗಿ ಬಂತು.

ಅಂದರೆ ಅವರ ವಿಧಾನ ಹುಟ್ಟಿದ್ದು ಬರೆಯುವವನ ಮೇಜಿನ ಮೇಲಲ್ಲ, ಓದುವವನ ಕುರ್ಚಿಯಲ್ಲಿ. ದಿನಕ್ಕೆ ಎರಡು ಮೂರು ಚಿತ್ರಕಥೆಗಳನ್ನು ಓದಿ ತಳ್ಳಬೇಕಾದ ದಣಿದ ಓದುಗನೊಬ್ಬ ಯಾವ ಪುಟದಲ್ಲಿ ಆಸಕ್ತಿ ಕಳೆದುಕೊಳ್ಳುತ್ತಾನೆ ಎಂಬುದರ ಅಳತೆ ಅದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವರ ಪುಟಸಂಖ್ಯೆಗಳ ಬಗ್ಗೆ ಭಯವೂ ಇರುವುದಿಲ್ಲ, ತಿರಸ್ಕಾರವೂ ಇರುವುದಿಲ್ಲ. ನನ್ನ ಮಟ್ಟಿಗೆ ಮುಂದಿನದೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿತು.

ಪುಸ್ತಕ ಕೊಳ್ಳುವವರಿಗೆ ಒಂದು ಮಾತು. 'ಸ್ಕ್ರೀನ್‌ಪ್ಲೇ' ಹಲವು ಬಾರಿ ಪರಿಷ್ಕರಣೆಗೊಂಡಿದೆ. 2005ರ ಆವೃತ್ತಿಯನ್ನೇ ತೆಗೆದುಕೊಳ್ಳಿ. ಜೊತೆಗೆ 1984ರಲ್ಲಿ ಬಂದ ಅವರ ಅಭ್ಯಾಸ ಪುಸ್ತಕ 'ದಿ ಸ್ಕ್ರೀನ್‌ರೈಟರ್ಸ್ ವರ್ಕ್‌ಬುಕ್' ಕೂಡ ಬೇಕೇ ಬೇಕು. ಮೊದಲನೆಯದು ಚಿತ್ರಕಥೆ ಎಂದರೇನು ಎಂದು ಹೇಳಿಕೊಡುತ್ತದೆ, ಎರಡನೆಯದು ಸೋಮವಾರ ಬೆಳಿಗ್ಗೆ ಕುಳಿತು ಏನು ಮಾಡಬೇಕು ಎಂದು ಹೇಳುತ್ತದೆ. ಎರಡೂ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಸಾರ್ವಜನಿಕ ಗ್ರಂಥಾಲಯಗಳಲ್ಲಿಯೂ ಇರುತ್ತವೆ.

ನನ್ನ ಕಥೆಯ ಬೀಜ ಹೀಗಿತ್ತು. ಪ್ರತಿ ವರ್ಷ ಫೆಬ್ರವರಿಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಬಾದಾಮಿ ತೋಟಗಳು ಹೂಬಿಡುತ್ತವೆ, ಪರಾಗಸ್ಪರ್ಶಕ್ಕಾಗಿ ದೇಶದ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಜೇನುಪೆಟ್ಟಿಗೆಗಳು ಬಂದಿಳಿಯುತ್ತವೆ. ಆ ಹೊತ್ತಿನಲ್ಲಿ ಪೆಟ್ಟಿಗೆಗಳ ಕಳ್ಳತನವೂ ನಡೆಯುತ್ತದೆ. ತನ್ನ ಪೆಟ್ಟಿಗೆಗಳು ಒಂದೇ ರಾತ್ರಿಯಲ್ಲಿ ಕಾಣೆಯಾದ ಜೇನು ಸಾಕಣೆಯ ಹೆಂಗಸೊಬ್ಬಳು ಅವುಗಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಇಷ್ಟು ನನಗೆ ಗೊತ್ತಿತ್ತು, ಇಷ್ಟೇ ಸಾಕೆಂದು ಬರೆಯಲು ಕೂರುವ ಆತುರವೂ ಇತ್ತು.

ಮೇಷ್ಟರು ಅದಕ್ಕೆ ಅವಕಾಶ ಕೊಡುವುದಿಲ್ಲ. ಬರೆಯಲು ತೊಡಗುವ ಮೊದಲು ನಾಲ್ಕು ಸಂಗತಿಗಳು ಗೊತ್ತಿರಬೇಕು ಎನ್ನುತ್ತಾರೆ: ಕೊನೆ, ಆರಂಭ, ಮೊದಲ ಅಂಕದಿಂದ ಎರಡನೆಯದಕ್ಕೆ ಕಥೆಯನ್ನು ತಿರುಗಿಸುವ ಘಟನೆ, ಎರಡರಿಂದ ಮೂರಕ್ಕೆ ತಿರುಗಿಸುವ ಘಟನೆ. ಈ ಎರಡು ತಿರುವುಗಳನ್ನೇ ಅವರು ಪ್ಲಾಟ್ ಪಾಯಿಂಟ್ ಎಂದು ಕರೆದದ್ದು. ಇವುಗಳಲ್ಲಿ ಅವರು ಮೊದಲು ಕೇಳುವುದು ಕೊನೆಯನ್ನು. ನನ್ನ ನಾಯಕಿ ಕೊನೆಗೆ ಏನು ಮಾಡುತ್ತಾಳೆ ಎಂಬ ಪ್ರಶ್ನೆಗೆ ನನ್ನಲ್ಲಿ ವಾರಗಟ್ಟಲೆ ಉತ್ತರವಿರಲಿಲ್ಲ. ಕದ್ದವನು ಅವಳ ಸ್ವಂತ ತಮ್ಮ ಎಂದು ಹೊಳೆದದ್ದು ನಂತರ. ಗೊತ್ತಾದ ಮೇಲೂ ಆ ಪೆಟ್ಟಿಗೆಗಳನ್ನು ಹೂವಿನ ಕಾಲ ಮುಗಿಯುವವರೆಗೆ ಅವನು ಇಟ್ಟ ತೋಟದಲ್ಲಿಯೇ ಬಿಡುತ್ತಾಳೆ ಎಂಬುದು ಇನ್ನೂ ತಡವಾಗಿ. ಆ ಉತ್ತರ ಬಂದ ಮೇಲೆ ಉಳಿದ ಮೂರು ಬಹುತೇಕ ತಾವಾಗಿಯೇ ಒದಗಿದವು. ಬೇರೊಂದು ತೋಟದಲ್ಲಿ ಹೊಸ ಬಣ್ಣ ಬಳಿದ ಪೆಟ್ಟಿಗೆಯ ಅಂಚಿನಲ್ಲಿ ಅವಳ ಸ್ವಂತ ಮುದ್ರೆ ಕಾಣುವುದು ಮೊದಲ ತಿರುವು, ಆ ಬಣ್ಣ ತಮ್ಮನ ಶೆಡ್ಡಿನದು ಎಂದು ತಿಳಿಯುವುದು ಎರಡನೆಯದು. ಹೀಗೆ ಏನೂ ಬರೆಯದೆ ಕಾಯುವ ದಿನಗಳಲ್ಲಿ ಕೆಲಸ ಆಗುತ್ತಿಲ್ಲ ಎಂಬ ಹಳಹಳಿ ಬಹಳ ಕಾಡುತ್ತದೆ. ಈ ಕಾಯುವಿಕೆ ಕೆಲಸದ ಭಾಗವೇ ಎಂದು ತಿಳಿದು ಧೈರ್ಯವಾಗಿರಿ.

ನಾಲ್ಕು ಸಂಗತಿಗಳು ಸಿಕ್ಕ ಮೇಲೆ ಅವನ್ನು ನಾಲ್ಕು ಪುಟಗಳ ಸಾರಾಂಶವಾಗಿ ಬರೆಯಬೇಕು. ನಾಲ್ಕೇ ಪುಟ ತಾನೇ ಎಂದು ಹಗುರವಾಗಿ ಕಾಣುವ ಈ ಅಭ್ಯಾಸ ನೂರು ಪುಟ ಬರೆಯುವುದಕ್ಕಿಂತ ಕಷ್ಟ ಎಂಬುದು ನನ್ನ ಅನುಭವ. ಆಮೇಲೆ ಪಾತ್ರಗಳ ಜೀವನಚರಿತ್ರೆ. ಮುಖ್ಯ ಪಾತ್ರ ಹುಟ್ಟಿದಂದಿನಿಂದ ಸಿನಿಮಾ ಶುರುವಾಗುವ ಕ್ಷಣದವರೆಗಿನ ಬದುಕನ್ನು ಪುಟಗಟ್ಟಲೆ ಬರೆಯಿರಿ, ಅದರಲ್ಲಿ ಬಹಳಷ್ಟು ತೆರೆಯ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯಿರಿ ಎನ್ನುತ್ತಾರೆ. ಜೊತೆಗೆ ಆ ಪಾತ್ರಕ್ಕೆ ಏನು ಬೇಕಾಗಿದೆ, ಅದು ಲೋಕವನ್ನು ಹೇಗೆ ನೋಡುತ್ತದೆ, ಅದರ ಧೋರಣೆ ಏನು, ಕಥೆಯ ನಡುವೆ ಅದು ಬದಲಾಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕು. ನಾಯಕಿಯ ಬಾಲ್ಯ ಬರೆಯುವಾಗ, ಅಪ್ಪನ ಕಾಲದಲ್ಲಿ ಪೆಟ್ಟಿಗೆಗಳಿಗೆ ಬಣ್ಣ ಹಚ್ಚುತ್ತಿದ್ದವನು ತಮ್ಮ ಎಂಬ ಸಾಲು ಅನಾಯಾಸವಾಗಿ ಬಂತು. ಎರಡನೆಯ ತಿರುವಿಗೆ ಬೇಕಾದ ಸಾಕ್ಷ್ಯ ಸಿಕ್ಕಿದ್ದು ಆ ಸಾಲಿನಲ್ಲಿಯೇ. ಚೌಕಟ್ಟಿನ ಮೇಷ್ಟರು ಎಂದು ಹೆಸರಾದವರು ಪಾತ್ರದ ವಿಷಯದಲ್ಲಿ ಎಷ್ಟು ತಾಳ್ಮೆ ಕೇಳುತ್ತಾರೆ ಎಂಬುದನ್ನು ಅವರ ಟೀಕಾಕಾರರು ಸಾಕಷ್ಟು ಗಮನಿಸಿದಂತಿಲ್ಲ.

ಮುಂದಿನದು ಕಾರ್ಡುಗಳ ಕೆಲಸ. ಮೂರು ಇಂಚು ಅಗಲ, ಐದು ಇಂಚು ಉದ್ದದ ಕಾರ್ಡುಗಳ ಮೇಲೆ ಒಂದೊಂದು ದೃಶ್ಯವನ್ನು ಕೆಲವೇ ಪದಗಳಲ್ಲಿ ಬರೆಯಬೇಕು. ಮೂವತ್ತು ಪುಟಕ್ಕೆ 14 ಕಾರ್ಡಿನಂತೆ ಮೊದಲ ಅಂಕಕ್ಕೆ 14, ಎರಡನೆಯದಕ್ಕೆ 28, ಮೂರನೆಯದಕ್ಕೆ 14, ಒಟ್ಟು 56. ಈ ಎಣಿಕೆ ಯಾಂತ್ರಿಕವಾಗಿ ಕಾಣುತ್ತದೆ, ಆದರೆ ಅದರ ಗುಣ ಗೊತ್ತಾಗುವುದು ಕಾರ್ಡುಗಳನ್ನು ನೆಲದ ಮೇಲೆ ಹರಡಿದಾಗ. ಮೊದಲ ಸಾಲಿನ ಹದಿನಾಲ್ಕು ಕಾರ್ಡುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು, ಕೊನೆಯ ಸಾಲೂ ತುಂಬಿತ್ತು. ನಡುವಿನ ಎರಡು ಸಾಲುಗಳಲ್ಲಿ ಹತ್ತಾರು ಕಡೆ ಖಾಲಿ ಬಿಳಿ ಕಾರ್ಡುಗಳು. ಬರೆದಿದ್ದ ಕಾರ್ಡುಗಳಲ್ಲಿಯೂ ಅರ್ಧದಷ್ಟು 'ಅವಳು ಇನ್ನೊಂದು ತೋಟಕ್ಕೆ ಹೋಗುತ್ತಾಳೆ' ಎಂಬ ಒಂದೇ ವಾಕ್ಯದ ರೂಪಾಂತರಗಳು. ತೋಟದ ಹೆಸರು ಬದಲಾಗುತ್ತಿತ್ತು, ಅವಳಿಗೆ ತಿಳಿದದ್ದು ಮಾತ್ರ ಬದಲಾಗುತ್ತಿರಲಿಲ್ಲ. ನೂರು ಪುಟ ಬರೆದ ಮೇಲೆ ತಿಳಿಯಬೇಕಾದ ದೋಷ ನೆಲದ ಮೇಲೆ ಒಂದು ಮಧ್ಯಾಹ್ನದಲ್ಲಿ ಕಣ್ಣಿಗೆ ಬಿತ್ತು. ಈಗ ಕಾರ್ಡುಗಳನ್ನು ಕಂಪ್ಯೂಟರಿನ ಪರದೆಯ ಮೇಲೆಯೇ ಜೋಡಿಸುವ ಸೌಲಭ್ಯವಿದೆ. ಆದರೂ ಕಾಗದದ ಕಾರ್ಡುಗಳನ್ನೇ ಬಳಸಿ ಎನ್ನುತ್ತೇನೆ, ಏಕೆಂದರೆ ಐವತ್ತಾರನ್ನೂ ಒಂದೇ ನೋಟದಲ್ಲಿ ತೋರಿಸುವಷ್ಟು ದೊಡ್ಡ ಪರದೆ ಮನೆಗಳಲ್ಲಿ ಇರುವುದಿಲ್ಲ.

ಎರಡನೆಯ ಅಂಕ ಎಲ್ಲರಿಗೂ ಕೈಕೊಡುವ ಜಾಗ. ಅರವತ್ತು ಪುಟಗಳ ಆ ನಡುಭಾಗವನ್ನು ಒಂದೇ ಉಸಿರಿನಲ್ಲಿ ದಾಟುವುದು ವಿದ್ಯಾರ್ಥಿಗಳಿಗೆ ಆಗುತ್ತಿಲ್ಲ ಎಂಬುದನ್ನು ತರಗತಿಗಳಲ್ಲಿ ಕಂಡ ಫೀಲ್ಡ್, ಅಭ್ಯಾಸ ಪುಸ್ತಕದಲ್ಲಿ ಮಿಡ್‌ಪಾಯಿಂಟ್ ಎಂಬ ನಡುಗಂಬವನ್ನು ನೆಟ್ಟರು. ಸುಮಾರು ಅರವತ್ತನೆಯ ಪುಟದಲ್ಲಿ ಬರುವ ಒಂದು ಘಟನೆ ಎರಡನೆಯ ಅಂಕವನ್ನು ಮೂವತ್ತು ಮೂವತ್ತು ಪುಟಗಳ ಎರಡು ಭಾಗ ಮಾಡುತ್ತದೆ. ಪ್ರತಿ ಭಾಗಕ್ಕೂ ತನ್ನದೇ ಆದ ಒಂದು ವಿಷಯ ಇರಬೇಕು. ಮೊದಲ ಪುಸ್ತಕ ಬಂದು ಐದು ವರ್ಷಗಳಾದ ಮೇಲೆ ತಮ್ಮ ಮಾದರಿಗೆ ಇಷ್ಟು ದೊಡ್ಡ ಸೇರ್ಪಡೆ ಮಾಡಿಕೊಂಡರಲ್ಲ, ಅದು ನನಗೆ ಅವರ ಬಗ್ಗೆ ಗೌರವ ಹೆಚ್ಚಿಸಿತು. ನನ್ನ ಕಥೆಯಲ್ಲಿ ಮೊದಲ ಮೂವತ್ತು ಪುಟ ಪೆಟ್ಟಿಗೆಗಳ ಹುಡುಕಾಟ, ನಂತರದ ಮೂವತ್ತು ಪುಟ ನಂಬಿಕೆಯ ಹುಡುಕಾಟ ಎಂದು ಬೇರ್ಪಟ್ಟ ಮೇಲೆ ಖಾಲಿ ಕಾರ್ಡುಗಳು ತುಂಬತೊಡಗಿದವು.

ಇಷ್ಟಾದರೂ ಕಾಗದದ ಮೇಲಿನ ವಿವರಣೆ ಒಂದು, ಕಣ್ಣಾರೆ ನೋಡುವುದು ಇನ್ನೊಂದು. ಫೀಲ್ಡ್ ಮತ್ತೆ ಮತ್ತೆ ಉದಾಹರಿಸುವುದು ರಾಬರ್ಟ್ ಟೌನ್ ಬರೆದ, 1974ರಲ್ಲಿ ತೆರೆಕಂಡ 'ಚೈನಾಟೌನ್' ಚಿತ್ರಕಥೆಯನ್ನು. ಅಂಥ ಚಿತ್ರಕಥೆಗಳನ್ನು ಓದಲು ಈ ಊರಿನಲ್ಲಿ ಎರಡು ಅಪೂರ್ವ ಸ್ಥಳಗಳಿವೆ. ಒಂದು ಚಿತ್ರಕಥೆ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್‌ನ ಪ್ರತಿಷ್ಠಾನದ ಗ್ರಂಥಾಲಯ, ಇನ್ನೊಂದು ಬೆವರ್ಲಿ ಹಿಲ್ಸ್‌ನ ಲಾ ಸಿಯೆನಗ ರಸ್ತೆಯಲ್ಲಿರುವ, ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯ. ಎರಡಕ್ಕೂ ಪ್ರವೇಶ ಶುಲ್ಕವಿಲ್ಲ, ಸಿನಿಮಾ ರಂಗದವರಷ್ಟೇ ಅಲ್ಲದೆ ಸಾರ್ವಜನಿಕರೂ ಹೋಗಬಹುದು. ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯ. ಚಿತ್ರಕಥೆಗಳನ್ನು ಅಲ್ಲಿಯೇ ಕೂತು ಓದಬೇಕು. ಮನೆಗೆ ಒಯ್ಯುವಂತಿಲ್ಲ, ನಕಲು ಮಾಡಿಸುವಂತಿಲ್ಲ. ತೆರೆದಿರುವ ದಿನ ಮತ್ತು ವೇಳೆ ಬದಲಾಗುತ್ತಿರುವುದರಿಂದ ಮೊದಲೇ ವಿಚಾರಿಸಿ ಹೋಗುವುದು ಲೇಸು. ಬೆವರ್ಲಿ ಹಿಲ್ಸ್‌ನ ಆ ಕಟ್ಟಡ ಒಂದು ಕಾಲದಲ್ಲಿ ಊರಿನ ನೀರು ಸರಬರಾಜಿನ ಕೇಂದ್ರವಾಗಿತ್ತು. ಇಡೀ ಊರಿನ ನೀರಿನ ಹಗರಣವನ್ನೇ ಕಥೆಯಾಗಿಸಿಕೊಂಡ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿ ಕೂರುವುದು ವಿಶೇಷ ಅನುಭವವೇ ಸರಿ.

'ಚೈನಾಟೌನ್'ನಲ್ಲಿ ಮೊದಲ ತಿರುವು ನಿಜವಾದ ಶ್ರೀಮತಿ ಮಲ್ವ್ರೇ ಪತ್ತೇದಾರನ ಕಚೇರಿಗೆ ಬಂದು ನಿಲ್ಲುವ ದೃಶ್ಯ ಎಂದು ಫೀಲ್ಡ್ ಹೇಳುತ್ತಾರೆ. ಅಲ್ಲಿಯವರೆಗೆ ಆ ಹೆಸರು ಹೇಳಿಕೊಂಡು ಕೆಲಸ ವಹಿಸಿದವಳು ಬೇರೊಬ್ಬಳು ಎಂದು ಆ ಒಂದು ಪ್ರವೇಶದಿಂದ ಬಯಲಾಗುತ್ತದೆ. ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ಒಬ್ಬ ಹೆಂಗಸು ಶಾಂತವಾಗಿ ಮಾತಾಡುತ್ತಾಳೆ, ಕಥೆ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಎರಡನೆಯ ತಿರುವು ಕೊಳದಲ್ಲಿ ಸಿಗುವ ಒಂದು ಜೊತೆ ಕನ್ನಡಕ. ಪ್ಲಾಟ್ ಪಾಯಿಂಟ್ ಎಂದರೆ ದೊಡ್ಡ ಗದ್ದಲ ಎಂದು ತಿಳಿದವರು ಈ ಎರಡು ದೃಶ್ಯಗಳನ್ನು ಒಮ್ಮೆ ನೋಡಬೇಕು. ನನ್ನ ನಾಯಕಿ ಪೆಟ್ಟಿಗೆಯ ಅಂಚಿನ ಬಣ್ಣವನ್ನು ಉಗುರಿನಿಂದ ಕೆರೆಯುವುದಷ್ಟೇ ಸಾಕು, ಲಾರಿಯ ಬೆನ್ನಟ್ಟುವಿಕೆ ಬೇಡ ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಬರವಣಿಗೆಯ ಸಲಕರಣೆಗಳ ವಿಷಯಕ್ಕೆ ಬರುತ್ತೇನೆ. ಚಿತ್ರಕಥೆ ಬರೆಯಲು ಇಲ್ಲಿನ ಉದ್ಯಮ ಬಳಸುವ ಫೈನಲ್ ಡ್ರಾಫ್ಟ್ ತಂತ್ರಾಂಶದ ಪೂರ್ಣ ಬೆಲೆ 200 ಡಾಲರ್ ದಾಟುತ್ತದೆ. ಮೊದಲ ಕೃತಿಗೆ ಇಷ್ಟು ಖರ್ಚು ಮಾಡುವ ಅಗತ್ಯವಿಲ್ಲ. ಉಚಿತವಾಗಿ ಸಿಗುವ ತಂತ್ರಾಂಶಗಳಲ್ಲಿ ಬರೆದರೂ ಪಿಡಿಎಫ್ ಒಂದೇ ಥರ ಕಾಣುತ್ತದೆ. ಆದರೆ ಒಂದು ಎಚ್ಚರ ಬೇಕು. ಚಿತ್ರಕಥೆಯ ಪುಟವೊಂದಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬ ಇಲ್ಲಿನ ಲೆಕ್ಕ ನಿಂತಿರುವುದು ಕೊರಿಯರ್ ಎಂಬ ಅಕ್ಷರಶೈಲಿಯ ಹನ್ನೆರಡು ಪಾಯಿಂಟಿನ ಅಳತೆ ಮತ್ತು ಅಮೆರಿಕದ ಲೆಟರ್ ಅಳತೆಯ ಕಾಗದದ ಮೇಲೆ. ನಮ್ಮಲ್ಲಿ ರೂಢಿಯಲ್ಲಿರುವ ಎ4 ಕಾಗದ ಲೆಟರಿಗಿಂತ ಸುಮಾರು ಮುಕ್ಕಾಲು ಇಂಚು ಉದ್ದ. ಪುಟಕ್ಕೆ ನಾಲ್ಕು ಸಾಲು ಹೆಚ್ಚು ಹಿಡಿಸುತ್ತದೆ, ನೂರಿಪ್ಪತ್ತು ಪುಟದ ಕೃತಿ ಏಳೆಂಟು ಪುಟ ಕುಗ್ಗುತ್ತದೆ, ತಿರುವುಗಳೆಲ್ಲ ಇರಬೇಕಾದ ಜಾಗಕ್ಕಿಂತ ಮುಂಚೆಯೇ ಬಂದಂತೆ ಕಾಣುತ್ತವೆ. ಊರಿನಿಂದ ತಂದ ಕಂಪ್ಯೂಟರಿನಲ್ಲಿ ಬರೆಯುವವರು ಈ ಆಯ್ಕೆಯನ್ನು ಮೊದಲ ದಿನವೇ ಬದಲಿಸಿಕೊಳ್ಳಿ. ಮುದ್ರಿಸಿ ಕೊಡಬೇಕಾದಾಗ ಮೂರು ತೂತುಗಳ ಕಾಗದಕ್ಕೆ ಮೇಲೊಂದು ಕೆಳಗೊಂದು ಹಿತ್ತಾಳೆ ಪಿನ್ನು ಹಾಕಿ, ನಡುವಿನ ತೂತನ್ನು ಹಾಗೆಯೇ ಬಿಡುವುದು ಇಲ್ಲಿನ ರೂಢಿ.

ಮೊದಲ ಕರಡು ಕಾರ್ಡುಗಳಿದ್ದುದರಿಂದ ನಿರೀಕ್ಷಿಸಿದ್ದಕ್ಕಿಂತ ಸರಾಗವಾಗಿ ಸಾಗಿತು. ಅದನ್ನು ಬರೆಯುವಾಗ ಹಿಂದಿರುಗಿ ತಿದ್ದದೆ, ಬರೀ ಪದಗಳನ್ನು ಕಾಗದಕ್ಕೆ ಇಳಿಸುವುದಷ್ಟೇ ಗುರಿ ಎಂದು ಮೇಷ್ಟರು ಹೇಳುತ್ತಾರೆ. ಮುಗಿದ ಮೇಲೆ ಕೆಲವು ದಿನ ಮುಟ್ಟದೆ ಬಿಟ್ಟು, ಆಮೇಲೆ ಪೆನ್ನು ಹಿಡಿಯದೆ ಒಂದೇ ಬಾರಿಗೆ ಕೂತು ಓದಬೇಕು. ನಂತರ ಮೂರು ಸಣ್ಣ ಬರಹಗಳು: ಈ ಕಥೆಯಲ್ಲಿ ನನ್ನನ್ನು ಮೊದಲು ಸೆಳೆದದ್ದೇನು, ಕೊನೆಗೆ ನಾನು ಬರೆದದ್ದು ಎಂಥ ಕಥೆ, ಬರೆದದ್ದನ್ನು ಬರೆಯಬೇಕೆಂದುಕೊಂಡಿದ್ದಕ್ಕೆ ಹೊಂದಿಸಲು ಏನು ಮಾಡಬೇಕು. ಅವರ ಅಭ್ಯಾಸಗಳಲ್ಲಿ ಯಾವುದಾದರೂ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ನನ್ನನ್ನು ಸೆಳೆದದ್ದು ಅಕ್ಕ ತಮ್ಮನ ನಡುವಿನ ಋಣ, ಬರೆದದ್ದು ಬಹುಮಟ್ಟಿಗೆ ಪತ್ತೇದಾರಿ ಕಥೆ ಎಂದು ನನ್ನದೇ ಕೈಬರಹದಲ್ಲಿ ಓದಿದಾಗ ಎರಡನೆಯ ಕರಡಿನ ಕೆಲಸವೇನೆಂದು ಯಾರೂ ಹೇಳಬೇಕಾಗಲಿಲ್ಲ.

ಎರಡನೆಯ ಕರಡು ಮುಗಿದ ಮೇಲೆ ಹಣ ಕೊಟ್ಟು ಓದಿಸುವ ಹಂತ. ಇಲ್ಲಿ ಅದಕ್ಕೆ ಕವರೇಜ್ ಎನ್ನುತ್ತಾರೆ. ಕಥಾವಿಭಾಗದ ಓದುಗನೊಬ್ಬ ಚಿತ್ರಕಥೆಯನ್ನು ಓದಿ, ಒಂದು ವಾಕ್ಯದ ಕಥಾಸಾರ, ಒಂದೆರಡು ಪುಟದ ಸಾರಾಂಶ, ತನ್ನ ಟಿಪ್ಪಣಿ ಬರೆದು, ಕೊನೆಗೆ ಬೇಡ, ಪರಿಶೀಲಿಸಬಹುದು, ಶಿಫಾರಸು ಎಂಬ ಮೂರರಲ್ಲಿ ಒಂದು ತೀರ್ಪು ಕೊಡುತ್ತಾನೆ. ಐವತ್ತು ವರ್ಷಗಳ ಹಿಂದೆ ಸಿಡ್ ಫೀಲ್ಡ್ ಮಾಡುತ್ತಿದ್ದದ್ದು ಹೆಚ್ಚು ಕಡಿಮೆ ಇದೇ ಕೆಲಸ. ನಾನು ಇಂಥ ಸೇವೆ ಕೊಡುವ ಒಂದು ಸಂಸ್ಥೆಗೆ 150 ಡಾಲರ್ ಕಟ್ಟಿದೆ. ಹತ್ತು ದಿನದಲ್ಲಿ ಎಂದು ಹೇಳಿದ್ದ ವರದಿ ಬಂದದ್ದು ತಿಂಗಳು ಕಳೆದ ಮೇಲೆ. ತೀರ್ಪು 'ಬೇಡ' ಎಂದಿತ್ತು. ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷಗಳ ಶ್ರಮವನ್ನು ಅಪರಿಚಿತರೊಬ್ಬರು ಒಂದೇ ಪದದಲ್ಲಿ ಬದಿಗೆ ಸರಿಸಿದ್ದರ ನೋವು ತೀಕ್ಷ್ಣವಾದದ್ದು, ಅದನ್ನು ಚಿಕ್ಕದು ಮಾಡಿ ಹೇಳಲಾರೆ.

ಬೆಳಿಗ್ಗೆ ಮತ್ತೆ ಓದಿದಾಗ ಗಮನಿಸಿದ್ದು ಬೇರೆ. ಆ ವರದಿಯ ಟಿಪ್ಪಣಿ ಪೂರ್ತಿ ಫೀಲ್ಡ್ ಅವರ ಭಾಷೆಯಲ್ಲಿತ್ತು. ಮೊದಲ ತಿರುವು ತಡ, ಮಿಡ್‌ಪಾಯಿಂಟಿನಲ್ಲಿ ಪಣ ಏರುವುದಿಲ್ಲ, ನಾಯಕಿಯ ಅಗತ್ಯ ಸ್ಪಷ್ಟವಿಲ್ಲ. ಈ ಮೇಷ್ಟರ ನಿಜವಾದ ಪ್ರಭಾವ ಎಲ್ಲಿದೆ ಎಂದು ನನಗೆ ಅರ್ಥವಾದದ್ದು ಆಗ. ಅವರ ಪುಸ್ತಕವನ್ನು ಬರಹಗಾರರು ಓದಿದ್ದು ಒಂದು ಪಾಲಾದರೆ, ನಿರ್ಮಾಣ ಸಂಸ್ಥೆಗಳ ಓದುಗರು, ಕಥಾವಿಭಾಗದ ಅಧಿಕಾರಿಗಳು, ಚಲನಚಿತ್ರ ಶಾಲೆಗಳ ಅಧ್ಯಾಪಕರು ಓದಿದ್ದು ಇನ್ನೂ ದೊಡ್ಡ ಪಾಲು. ಓದುಗನ ಕುರ್ಚಿಯಲ್ಲಿ ಹುಟ್ಟಿದ ಮಾತು ಮತ್ತೆ ಓದುಗರ ಕುರ್ಚಿಗೇ ಹೋಗಿ ಸೇರಿದೆ. 'ಸ್ಕ್ರೀನ್‌ಪ್ಲೇ' ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಗಿದೆ. ಫೀಲ್ಡ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ದೇಶದೇಶಗಳಲ್ಲಿ ಕಾರ್ಯಾಗಾರ ನಡೆಸಿದರು, 2006ರಲ್ಲಿ ಫೈನಲ್ ಡ್ರಾಫ್ಟ್‌ನ ಗೌರವ ಪಡೆದರು. ಹಾಸ್ಯ ಲೇಖಕಿ ಟೀನಾ ಫೇ ತಮ್ಮ ಮೊದಲ ಚಿತ್ರಕಥೆ ಬರೆಯುವಾಗ ಅವರ ಪುಸ್ತಕದ ನೆರವು ಪಡೆದುದಾಗಿ ಹೇಳಿಕೊಂಡಿದ್ದಾರೆ. ಇವೆಲ್ಲಕ್ಕಿಂತ ಒಬ್ಬ ಅನಾಮಿಕ ಓದುಗ ನನ್ನ ಕೃತಿಯನ್ನು ತಿರಸ್ಕರಿಸಲು ಅವರ ಮಾತುಗಳನ್ನೇ ಬಳಸಿದ್ದು ನನಗೆ ಹೆಚ್ಚು ಹೇಳಿತು.

ಆ ಟಿಪ್ಪಣಿಯಲ್ಲಿ ಎರಡು ಮಾತು ನಿಜವಾಗಿತ್ತು. ಮೊದಲ ತಿರುವು ಮಾತ್ರ ತಡವಾಗಿರಲಿಲ್ಲ. ಅದು ಮೂವತ್ತನೆಯ ಪುಟದಲ್ಲಿತ್ತು, ಅಲ್ಲಿಯೇ ಇರಬೇಕಾಗಿತ್ತು, ಏಕೆಂದರೆ ಅಷ್ಟರೊಳಗೆ ಪ್ರೇಕ್ಷಕರಿಗೆ ಆ ತಮ್ಮನ ಮೇಲೆ ಪ್ರೀತಿ ಹುಟ್ಟದಿದ್ದರೆ ಕೊನೆ ನಿಲ್ಲುವುದಿಲ್ಲ. ಪುಟಸಂಖ್ಯೆಯನ್ನು ಹೀಗೆ ಕಡ್ಡಿಯಂತೆ ಹಿಡಿಯುವ ರೂಢಿಯ ಬಗ್ಗೆ ವಿದ್ವಾಂಸರ ಆಕ್ಷೇಪ ಹಳೆಯದು. ಚಲನಚಿತ್ರ ಇತಿಹಾಸಕಾರ್ತಿ ಕ್ರಿಸ್ಟಿನ್ ಥಾಂಪ್ಸನ್ 1999ರಲ್ಲಿ ಹಲವು ಹಾಲಿವುಡ್ ಚಿತ್ರಗಳನ್ನು ವಿಶ್ಲೇಷಿಸಿ, ಬಹುತೇಕ ಚಿತ್ರಗಳು ಸರಿಸುಮಾರು ಸಮನಾದ ನಾಲ್ಕು ಭಾಗಗಳಲ್ಲಿ ನಡೆಯುತ್ತವೆ ಎಂದು ವಾದಿಸಿದರು. ಚೆಕೊಸ್ಲೊವಾಕಿಯಾದಿಂದ ಬಂದು ಅಮೆರಿಕದ ಹಲವು ಚಲನಚಿತ್ರ ಶಾಲೆಗಳಲ್ಲಿ ಬೋಧಿಸಿದ ಫ್ರಾಂಕ್ ಡೇನಿಯಲ್ ಚಿತ್ರಕಥೆಯನ್ನು ಎಂಟು ಸೀಕ್ವೆನ್ಸ್‌ಗಳಾಗಿ, ಅಂದರೆ ಎಂಟು ದೃಶ್ಯಸರಣಿಗಳಾಗಿ ನೋಡುವುದನ್ನು ಕಲಿಸಿದರು. ಎರಡನೆಯ ಅಂಕ ಇನ್ನೂ ಜಗ್ಗುತ್ತಿದ್ದ ಕಡೆ ಡೇನಿಯಲ್ ಅವರ ಎಂಟು ಭಾಗಗಳ ನೋಟ ನನಗೆ ನೆರವಾಯಿತು. ಒಬ್ಬ ಮೇಷ್ಟರ ಮೇಲಿನ ನಿಷ್ಠೆಗಾಗಿ ಇನ್ನೊಬ್ಬರ ಒಳ್ಳೆಯ ಮಾತನ್ನು ಬಿಡಬೇಕಾಗಿಲ್ಲ. ತಮ್ಮ ಮಾದರಿ ರೂಪವೇ ಹೊರತು ಸೂತ್ರವಲ್ಲ ಎಂಬುದನ್ನು ಫೀಲ್ಡ್ ಕೂಡ ಒತ್ತಿ ಹೇಳಿದ್ದರು. ಆ ಮಾತು ಪುಟಸಂಖ್ಯೆಗಳಷ್ಟು ದೂರ ಹೋಗಲಿಲ್ಲ ಎಂಬುದೇ ನನ್ನ ವ್ಯಥೆ. ನಾನು ತಿರುವನ್ನು ಮೂವತ್ತನೆಯ ಪುಟದಲ್ಲಿಯೇ ಉಳಿಸಿಕೊಂಡು ಉಳಿದ ಎರಡು ದೋಷಗಳನ್ನು ತಿದ್ದಿದೆ. ಮೂರನೆಯ ಕರಡು 112 ಪುಟಕ್ಕೆ ನಿಂತಿತು.

ಕೊನೆಯದು ನೋಂದಣಿ. ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ, ಹೊಸಬರಿಗೆ ಗೊಂದಲವಾಗುವುದು ಇಲ್ಲಿಯೇ. ಒಂದು ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ವೆಸ್ಟ್‌ನ ನೋಂದಣಿ. ಗಿಲ್ಡ್‌ನ ಸದಸ್ಯರಲ್ಲದವರೂ ಮಾಡಿಸಬಹುದು. ನಾನು 20 ಡಾಲರ್ ಕಟ್ಟಿದೆ, ಪಿಡಿಎಫ್ ಸೇರಿಸಿದೆ, ನೋಂದಣಿ ಸಂಖ್ಯೆ ಕೂಡಲೇ ಬಂತು. ಅದರ ಅವಧಿ ಐದು ವರ್ಷ, ಬೇಕಾದರೆ ನವೀಕರಿಸಿಕೊಳ್ಳಬಹುದು. ಈ ದಿನ ಈ ಕೃತಿ ನನ್ನ ಕೈಯಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ. ಇನ್ನೊಂದು ವಾಷಿಂಗ್ಟನ್ನಿನ ಕಾಪಿರೈಟ್ ಕಚೇರಿಯ ನೋಂದಣಿ. ಕೃತಿಯನ್ನು ಬರೆದಿಟ್ಟ ಕ್ಷಣದಿಂದಲೇ ಕೃತಿಸ್ವಾಮ್ಯ ಹುಟ್ಟುತ್ತದೆ ನಿಜ, ಆದರೆ ಅಮೆರಿಕದ ಕೃತಿಗಾಗಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾದರೆ ಈ ನೋಂದಣಿ ಬೇಕು. ಕಾಯಿದೆ ನಿಗದಿಪಡಿಸಿದ ಪರಿಹಾರ ಮತ್ತು ವಕೀಲರ ವೆಚ್ಚ ಕೇಳುವ ಹಕ್ಕು ಕೂಡ ಸಕಾಲದಲ್ಲಿ ನೋಂದಾಯಿಸಿದವರಿಗೆ ಮಾತ್ರ. ಗಿಲ್ಡ್‌ನ ಸಂಖ್ಯೆ ಇದಕ್ಕೆ ಬದಲಿಯಾಗುವುದಿಲ್ಲ. ಒಂದಕ್ಕೇ ಹಣವಿದ್ದರೆ ಕಾಪಿರೈಟ್ ಕಚೇರಿಯದನ್ನೇ ಮಾಡಿಸಿ.

ಒಬ್ಬರೇ ಬರೆದ, ಹಕ್ಕೂ ಅವರದೇ ಆದ, ಬೇರೆಯವರಿಗಾಗಿ ಸಂಬಳಕ್ಕೆ ಬರೆಯದ ಒಂದೇ ಕೃತಿಗೆ ಆನ್‌ಲೈನ್ ಶುಲ್ಕ 45 ಡಾಲರ್. ಜೊತೆ ಲೇಖಕರಿದ್ದರೆ ಸಾಮಾನ್ಯ ಅರ್ಜಿ, ಅದಕ್ಕೆ 65 ಡಾಲರ್. ಅರ್ಜಿಯ ಮೊದಲ ಪರದೆಯಲ್ಲಿಯೇ ಒಂದು ತೊಡಕಿದೆ. ಬರಹವಲ್ಲವೇ ಎಂದು ಸಾಹಿತ್ಯ ಕೃತಿ ಎಂಬ ವಿಭಾಗದತ್ತ ಕೈ ಹೋಗುತ್ತದೆ, ಆದರೆ ಚಿತ್ರಕಥೆ ಸೇರುವುದು ಪ್ರದರ್ಶನ ಕಲೆಗಳ ವಿಭಾಗಕ್ಕೆ. ಅರ್ಜಿಯಲ್ಲಿ ಬರೆದ ಹೆಸರು ಮತ್ತು ವಿಳಾಸ ಸಾರ್ವಜನಿಕ ದಾಖಲೆಯಾಗುತ್ತವೆ ಎಂಬುದನ್ನು ಮರೆಯಬೇಡಿ. ಮನೆಯ ವಿಳಾಸ ಬಯಲಾಗುವುದು ಬೇಡವೆಂದರೆ ಅಂಚೆಪೆಟ್ಟಿಗೆಯ ವಿಳಾಸ ಕೊಡಿ. ಪ್ರಮಾಣಪತ್ರ ಕೈಸೇರಲು ತಿಂಗಳುಗಳೇ ಹಿಡಿದವು. ಆ ವಿಳಂಬದಿಂದ ಆತಂಕಪಡಬೇಕಾಗಿಲ್ಲ, ಏಕೆಂದರೆ ಅರ್ಜಿ, ಶುಲ್ಕ, ಕೃತಿಯ ಪ್ರತಿ ಮೂರೂ ಕಚೇರಿಗೆ ಸೇರಿದ ದಿನವೇ ನೋಂದಣಿಯ ದಿನಾಂಕವಾಗುತ್ತದೆ. ಇನ್ನು ಕಾಯಿದೆ ಕಾಯುವುದು ಬರೆದ ಕೃತಿಯನ್ನು ಮಾತ್ರ. ಶೀರ್ಷಿಕೆಗೂ ಬರೀ ಕಲ್ಪನೆಗೂ ಅದರ ರಕ್ಷಣೆ ಇಲ್ಲ. ಜೇನುಪೆಟ್ಟಿಗೆಯ ಕಳ್ಳತನದ ಬಗ್ಗೆ ನಾಳೆ ಇನ್ನೊಬ್ಬರು ಬರೆದರೆ ನಾನು ತಡೆಯಲಾರೆ.

ಈಗ ಚಿತ್ರಕಥೆ ಎರಡು ಸಣ್ಣ ನಿರ್ಮಾಣ ಸಂಸ್ಥೆಗಳಲ್ಲಿದೆ. ಏಜೆಂಟರಿಲ್ಲದ ಬರಹಗಾರರ ಕೃತಿಯನ್ನು ಬಹುತೇಕ ಸಂಸ್ಥೆಗಳು ಹಾಗೆಯೇ ತೆಗೆದುಕೊಳ್ಳುವುದಿಲ್ಲ; ಮೊದಲು ಪತ್ರ ಬರೆದು ಒಪ್ಪಿಗೆ ಪಡೆಯಬೇಕು, ಆಮೇಲೆ ಅವರು ಕಳಿಸುವ ರಿಲೀಸ್ ಫಾರ್ಮ್‌ಗೆ ಸಹಿ ಹಾಕಬೇಕು. ಇದೇ ಬಗೆಯ ಕಥೆ ತಮ್ಮಲ್ಲಿ ಮೊದಲೇ ಇದ್ದಿರಬಹುದು, ಅದಕ್ಕಾಗಿ ತಮ್ಮ ಮೇಲೆ ಹಕ್ಕು ಸಾಧಿಸಬಾರದು ಎಂಬ ಅರ್ಥದ ಷರತ್ತು ಅದರಲ್ಲಿ ಇದ್ದೇ ಇರುತ್ತದೆ. ಒಂದು ಸಂಸ್ಥೆಯ ಫಾರ್ಮಿನಲ್ಲಿ ಯಾವುದೇ ವಿವಾದಕ್ಕೂ ಪರಿಹಾರದ ಮೊತ್ತವನ್ನು ತೀರಾ ಸಣ್ಣದಾಗಿ ಮಿತಿಗೊಳಿಸುವ ಸಾಲು ಇತ್ತು. ಆ ಸಾಲನ್ನು ತೆಗೆಯುತ್ತೀರಾ ಎಂದು ವಿನಯದಿಂದ ಬರೆದು ಕೇಳಿದೆ. ತೆಗೆದ ಫಾರ್ಮು ಮರುವಾರವೇ ಬಂತು. ಸಹಿ ಹಾಕುವ ಮೊದಲು ಫಾರ್ಮನ್ನು ಪೂರ್ತಿ ಓದಿ, ಸಹಿ ಹಾಕಿದ ಪ್ರತಿಯನ್ನು ಕಳಿಸಿದ ದಿನಾಂಕ ಮತ್ತು ಪಿಡಿಎಫ್‌ನೊಂದಿಗೆ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.